ಲೆಕ್ಕ ಬರುತ್ತದೆ, ಜಾಮೀನು ಸಿಗುವುದಿಲ್ಲ

ನಾನು ಹರಿಹರದವನು. ಕೊಚ್ಚಿಗೆ ಬಂದು ಒಂಬತ್ತು ವರ್ಷ ಆಯ್ತು, ಕಲೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ. ಹೋದ ವರ್ಷ ಗೆಳೆಯರೊಬ್ಬರು, "ಟ್ರಾನ್ಸ್‌ಜೆಂಡರ್ ಜನರಿಗೆ ದುಡ್ಡಿನ ವಿಚಾರ ಸ್ವಲ್ಪ ಹೇಳಿಕೊಡು, ಭಾನುವಾರ ಬಾ" ಎಂದು ಕರೆದರು. ಎಸ್‌ಐಪಿ, ಎಫ್‌ಡಿ, ಟರ್ಮ್ ಇನ್ಶೂರೆನ್ಸ್ ಅಂತ ಹದಿನೆಂಟು ಸ್ಲೈಡ್ ಮಾಡಿಕೊಂಡು ಹೋದೆ. ನಾಲ್ಕನೇ ಸ್ಲೈಡಿಗೇ ನನ್ನ ಪಾಠ ಮುಗಿಯಿತು.

ಮುಂದಿನ ಸಾಲಿನಲ್ಲಿ ಕೂತಿದ್ದವರು ನನ್ನ ಮಲಯಾಳಂ ಕೇಳಿಯೇ ಗುರುತು ಹಿಡಿದರು. "ಅಣ್ಣಾ, ನೀವು ನಮ್ಮ ಕಡಿಯವರೇನ್ರಿ?" ಅವರದು ಕೊಪ್ಪಳದ ಕಡೆ. ಇಲ್ಲಿ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾರೆ. ಆಮೇಲೆ ಕನ್ನಡದಲ್ಲೇ ನನಗೆ ಚೀಟಿಯ ಲೆಕ್ಕ ಹೇಳಿದರು. ಇಪ್ಪತ್ತು ಜನ, ತಿಂಗಳಿಗೆ 5,000, ಅಂದರೆ ಒಂದು ಲಕ್ಷದ ಚೀಟಿ. ತಿಂಗಳಿಗೊಮ್ಮೆ ಹರಾಜು, ಹೆಚ್ಚು ಬಿಟ್ಟುಕೊಟ್ಟವರಿಗೆ ಆ ತಿಂಗಳ ಚೀಟಿ. 25,000 ಬಿಟ್ಟು ಕೂಗಿದವರಿಗೆ 75,000 ಕೈಗೆ. ಬಿಟ್ಟ ದುಡ್ಡಲ್ಲಿ ಚೀಟಿ ನಡೆಸುವವರಿಗೆ 5,000 ಹೋದರೆ ಉಳಿದದ್ದು ತಲೆಗೆ ಸಾವಿರ, ಆ ತಿಂಗಳು ನಾವು ಕಟ್ಟೋದು ನಾಲ್ಕೇ ಸಾವಿರ. ಕಾಗದ ಇಲ್ಲ, ಫೋನ್ ಇಲ್ಲ, ಎಲ್ಲ ಬಾಯಲ್ಲೇ. ನಾನು ಬಿ.ಕಾಂ. ಮಾಡಿದವನು, ಮನಸ್ಸಿನಲ್ಲೇ ಎರಡು ಸಲ ಕೂಡಿ ಕಳೆದು ನೋಡಿದೆ.

"ಲೆಕ್ಕ ನಮಗ ಬರ್ತೈತಿ ಅಣ್ಣಾ. ಚೀಟಿ ಎತ್ತಿದ ಮ್ಯಾಲೆ ಜಾಮೀನು ಕೇಳ್ತಾರಲ್ಲ, ಅದಕ್ಕ ಯಾರನ್ನ ಕರಕೊಂಡು ಹೋಗೋಣು?"

ಕೇರಳದಲ್ಲಿ ಚೀಟಿಗೆ ಬಹಳ ಮರ್ಯಾದೆ. ಸರ್ಕಾರದ್ದೇ ಕೆಎಸ್‌ಎಫ್‌ಇ 1969ರಿಂದ ಚಿಟ್ಟಿ ನಡೆಸುತ್ತಿದೆ, ನಮ್ಮಲ್ಲಿ ಎಂಎಸ್‌ಐಎಲ್ ನಡೆಸುವ ಹಾಗೆ. ಆದರೆ ರಿಜಿಸ್ಟರ್ಡ್ ಚೀಟಿ ಎಲ್ಲೇ ಇರಲಿ, ಎತ್ತಿದ ದುಡ್ಡು ಕೈಗೆ ಬರಬೇಕಾದರೆ, ಉಳಿದ ಕಂತು ಕಟ್ಟುತ್ತಾರೆ ಅನ್ನುವುದಕ್ಕೆ ಆಸ್ತಿ ಪತ್ರ, ಚಿನ್ನದಂಥದ್ದು ಏನಾದರೂ ಇಡಬೇಕು, ಇಲ್ಲವೇ ಸಂಬಳದವರ ಸಹಿ ಬೇಕು. ಮನೆಯಿಂದ ಹೊರಹಾಕಿಸಿಕೊಂಡವರಿಗೆ ಎರಡೂ ಎಲ್ಲಿಂದ ಬರಬೇಕು? ಹಾಗಾಗಿ ಸಮುದಾಯದ ಹಿರಿಯರಾದ ಗುರುವಿನ ಹತ್ತಿರ ಸಾಲ, ಅದೂ ಆಗದಿದ್ದರೆ ಮೀಟರ್ ಬಡ್ಡಿ. ಇದನ್ನು ನಾವು ಆರ್ಥಿಕ ತಿಳುವಳಿಕೆ ಇಲ್ಲ ಅಂತೀವಿ.

ನನ್ನ ಪಾಠದಲ್ಲಿ ಅವರಿಗೆ ನಿಜಕ್ಕೂ ಬೇಕಾಗಿದ್ದು ಯಾವ ಸ್ಲೈಡಿನಲ್ಲೂ ಇರಲಿಲ್ಲ. ನಾವು ಸತ್ತರೆ ಬ್ಯಾಂಕಿನ ದುಡ್ಡು ಯಾರಿಗೆ, ಅಂತ ಒಬ್ಬರು ಕೇಳಿದರು. ನಾಮಿನಿ ಯಾರನ್ನು ಬೇಕಾದರೂ ಮಾಡಬಹುದು, ರಕ್ತ ಸಂಬಂಧವೇ ಆಗಬೇಕಿಲ್ಲ, ಸಂಗಾತಿಯ ಹೆಸರು ಕೊಡುವುದಕ್ಕೂ ಅಡ್ಡಿ ಇಲ್ಲ ಎಂದು 2024ರ ಆಗಸ್ಟಿನಲ್ಲಿ ಹಣಕಾಸು ಸಚಿವಾಲಯವೇ ಹೇಳಿದೆ ಅಂದೆ. ಎಲ್ಲರಿಗೂ ಖುಷಿ. ಆಮೇಲೆ ಕಹಿ ಮಾತೂ ಹೇಳಬೇಕಾಯಿತು. ನಾಮಿನಿ ದುಡ್ಡು ತೆಗೆದುಕೊಳ್ಳಬಹುದು ಅಷ್ಟೇ, ಕಾನೂನಿನ ಪ್ರಕಾರ ಅದು ವಾರಸುದಾರರದ್ದು. ಹದಿನೈದು ವರ್ಷ ಮುಖ ನೋಡದ ಅಣ್ಣತಮ್ಮಂದಿರು ಬಂದು ಕೇಳಿದರೆ ಕೊಡಬೇಕಾಗಬಹುದು. ಅದಕ್ಕೇ ವಿಲ್ ಬರೆದಿಡಿ, ಬಿಳಿ ಹಾಳೆ ಸಾಕು, ಸ್ಟ್ಯಾಂಪ್ ಪೇಪರ್ ಬೇಡ, ರಿಜಿಸ್ಟರ್ ಕಡ್ಡಾಯ ಅಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ಅವರ ಸಹಿಯನ್ನೂ ಹಾಕಿಸಿ ಅಂದೆ. ಅಲ್ಲಿಂದ ಒಂದೂವರೆ ಗಂಟೆ ಬರೀ ಇದೇ ಪ್ರಶ್ನೆಗಳು. ಎಸ್‌ಐಪಿ ಬಗ್ಗೆ ಒಬ್ಬರೂ ಕೇಳಲಿಲ್ಲ.

ಕೆಲಸದ ಕಥೆ ಬೇರೆ. 2017ರಲ್ಲಿ ಕೊಚ್ಚಿ ಮೆಟ್ರೋ ಶುರುವಾದಾಗ 23 ಟ್ರಾನ್ಸ್‌ಜೆಂಡರ್ ಜನರನ್ನು ಕೆಲಸಕ್ಕೆ ತೆಗೆದುಕೊಂಡರು. ದೇಶವೆಲ್ಲ ಹೊಗಳಿತು. ಸ್ವಲ್ಪ ದಿನದಲ್ಲೇ ಅವರಲ್ಲಿ 8 ಜನ ಬಿಟ್ಟರು. ಕೆಲಸ ಬಾರದೆ ಅಲ್ಲ, ಬಾಡಿಗೆ ಮನೆ ಸಿಗದೆ. ದಿನದ ಬಾಡಿಗೆಯ ಲಾಡ್ಜಿನಲ್ಲಿ ಇದ್ದುಕೊಂಡು ಆ ಸಂಬಳದಲ್ಲಿ ತಿಂಗಳು ತಳ್ಳುವುದು ಹೇಗೆ? ಬೆಳಿಗ್ಗೆ ಅವರ ಕೈಯಿಂದ ಟಿಕೆಟ್ ತಗೊಂಡು "ಎಷ್ಟು ಚೆನ್ನಾಗಿದೆ ಅಲ್ವಾ" ಅಂದವರೇ ಸಂಜೆ ಮನೆ ಕೊಡಲ್ಲ ಅಂದಿರುತ್ತಾರೆ. ಕೇರಳ ಅಂದರೆ ಸ್ವರ್ಗ ಅಂತ ನಮ್ಮೂರಲ್ಲಿ ಹೇಳುವವರಿಗೆ ನಾನು ಇದನ್ನೇ ಹೇಳೋದು.

ಕಾನೂನಿನಲ್ಲಿ ನೋಡಿದರೆ ನಮ್ಮ ರಾಜ್ಯವೇ ಮುಂದೆ. ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ 1% ಮೀಸಲಾತಿಯನ್ನು 2021ರಲ್ಲಿ ದೇಶದಲ್ಲೇ ಮೊದಲು ತಂದಿದ್ದು ಕರ್ನಾಟಕ. ಇಲ್ಲಿಯ ಆಫೀಸಿನಲ್ಲಿ ಹೇಳಿದರೆ ನಂಬುವುದಿಲ್ಲ. ಮೈತ್ರಿ ಪಿಂಚಣಿ ಇದೆ, ಶಕ್ತಿ ಯೋಜನೆಯ ಬಸ್ಸಿನಲ್ಲಿ ಅವರಿಗೂ ಉಚಿತ. ಆದರೆ ಎಂಟನೇ ಕ್ಲಾಸಿಗೇ ಶಾಲೆ ಬಿಡಿಸಿಕೊಂಡು ಹೋದವರಿಗೆ 1% ಹೇಗೆ ಮುಟ್ಟುತ್ತದೆ? ಓದಿದವರದ್ದೂ ಅದೇ ಗೋಳು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಮತ್ತೊಂದು. ಎಲ್ಲ ಫಾರಂಗಳಲ್ಲೂ ತೃತೀಯ ಲಿಂಗದ ಕಾಲಂ ಇರಬೇಕು ಎಂದು ರಿಸರ್ವ್ ಬ್ಯಾಂಕು 2015ರಲ್ಲೇ ಬ್ಯಾಂಕುಗಳಿಗೆ ಹೇಳಿತು. ಕಾಲಂ ಬಂತು, ಹೆಸರು ಹೊಂದಲಿಲ್ಲ. ಬ್ಯಾಂಕಿನ ಗುರುತು ಪರಿಶೀಲನೆ, ಅಂದರೆ ಕೆವೈಸಿ, ಫೇಲ್.

ಕೇರಳದಲ್ಲಿ ನನಗೆ ಹಿಡಿಸಿದ್ದು ಕುಟುಂಬಶ್ರೀ, ಅಲ್ಲಿಯ ಸರ್ಕಾರದ ಮಹಿಳಾ ಸಂಘಗಳ ಯೋಜನೆ. ಆ ಮೆಟ್ರೋ ಕೆಲಸ ಕೊಡಿಸಿದ್ದೂ ಅವರೇ. ಟ್ರಾನ್ಸ್‌ಜೆಂಡರ್ ಜನರದ್ದೇ ಅಯಲ್‌ಕೂಟಗಳಿವೆ, ನಮ್ಮ ಸ್ತ್ರೀಶಕ್ತಿ ಸಂಘಗಳ ಥರ. ವಾರವಾರ ಉಳಿತಾಯ, ಒಳಗೊಳಗೇ ಸಾಲ, ಆಮೇಲೆ ಬ್ಯಾಂಕಿನ ಸಾಲ. ಇಂಥ ಗುಂಪಿನ ಸಾಲಕ್ಕೆ ಗುಂಪೇ ಜಾಮೀನು. ಕೊಪ್ಪಳದವರ ಪ್ರಶ್ನೆಗೆ ಹತ್ತಿರದ ಉತ್ತರ ನಾನು ಕಂಡಿದ್ದು ಇದೊಂದೇ. ಸಂಘ ಕಟ್ಟುವುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ದಾರಿಯಲ್ಲಿ ಇವರ ಸಂಘಗಳೂ ತಾಲ್ಲೂಕಿಗೊಂದು ಯಾಕೆ ಆಗಬಾರದು? ಪಿಂಚಣಿ ಜಾಸ್ತಿ ಮಾಡಿ ಅಂತ ವರ್ಷವರ್ಷ ಕೇಳುವ ಜೊತೆಗೆ ಇದನ್ನೂ ಕೇಳಬೇಕು.

ಗಂಡೂ ಅಲ್ಲ, ಹೆಣ್ಣೂ ಅಲ್ಲ, ಟ್ರಾನ್ಸ್ ಅಂತಲೂ ಹೇಳಿಕೊಳ್ಳದವರು ಇಬ್ಬರು ಅವತ್ತು ಬಂದಿದ್ದರು. ಐಟಿಯವರು. ಸಂಬಳ ಇದೆ, ಮನೆ ಇದೆ, ಜಾಮೀನಿನ ತೊಂದರೆ ಇಲ್ಲ. ಅವರ ತೊಂದರೆ ಗಂಡೋ ಹೆಣ್ಣೋ ಎಂದು ಕೇಳುವ ಆಫೀಸಿನ ಎಚ್‌ಆರ್ ಫಾರಂ. ನಿಜ ಬರೆದರೆ ಎಲ್ಲರಿಗೂ ಗೊತ್ತಾಗುತ್ತದೆ, ಬರೆಯದಿದ್ದರೆ ಮನಸ್ಸಿಗೆ ಕಿರಿಕಿರಿ. ಅವರಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಸುಮ್ನೆ ಕೇಳಿಸಿಕೊಂಡೆ.

ಎರಡು ವಾರ ಬಿಟ್ಟು ಕೊಪ್ಪಳದವರು ಫೋನ್ ಮಾಡಿದರು. ಚೀಟಿ ಎತ್ತಿದ್ದರು. "ಅಣ್ಣಾ, ನೀವು ಜಾಮೀನು ಹಾಕ್ತೀರೇನ್ರಿ? ಆಗದಿದ್ರ ಆಗಲ್ಲ ಅನ್ರಿ, ಬ್ಯಾಸರ ಇಲ್ಲ." ಇಷ್ಟೆಲ್ಲ ಬರೆಯುವ ನಾನು ಆ ಫಾರಂ ಬ್ಯಾಗಿನಲ್ಲಿ ಇಟ್ಟುಕೊಂಡು ಎಂಟು ದಿನ ಓಡಾಡಿದೆ. ಒಂಬತ್ತನೇ ದಿನ ಸಂಬಳದ ಸರ್ಟಿಫಿಕೇಟ್ ತೆಗೆಸಿ ಸಹಿ ಮಾಡಿ ಕೊಟ್ಟೆ. ಈಗ ಹತ್ತು ಕಂತು ಕಟ್ಟಿದ್ದಾರೆ, ಒಂದೂ ತಪ್ಪಿಲ್ಲ. ನನ್ನ ಹೆಂಡತಿಗೆ ಇನ್ನೂ ಹೇಳಿಲ್ಲ, ಇದನ್ನು ಓದಿಯೇ ಗೊತ್ತಾಗಬೇಕು.