ಎಲೆಕ್ಟ್ರಾ ಗುಜರಿಯಲ್ಲ

ಎಚ್‌ಎಂಎಸ್ ಎಲೆಕ್ಟ್ರಾ ಎಂಬ ಬ್ರಿಟಿಷ್ ಡೆಸ್ಟ್ರಾಯರ್ (ವೇಗದ ಚಿಕ್ಕ ಯುದ್ಧನೌಕೆ) ಎರಡನೇ ಮಹಾಯುದ್ಧದಲ್ಲಿ ಇಂಡೋನೇಷ್ಯಾದ ಜಾವಾ ಸಮುದ್ರದಲ್ಲಿ ಮುಳುಗಿ 80 ವರ್ಷ ದಾಟಿದೆ. ಅದರ ಜೊತೆ ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಆ ಹಡಗಿನ ಭಾಗಗಳನ್ನು ಲೋಹದ ಆಸೆಗೆ ಕಿತ್ತು ಮಾರಿದ್ದಾರೆ. ಈ ವಿಷಯ ಓದಿದಾಗಿನಿಂದ ನನಗೆ ಸಮಾಧಾನವೇ ಇಲ್ಲ.

ಅದರ ಕಥೆ ಗೊತ್ತಾದರೆ ನಿಮಗೂ ಸಿಟ್ಟು ಬರುತ್ತದೆ. 1939ರ ಸೆಪ್ಟೆಂಬರ್ 3, ಬ್ರಿಟನ್ ಯುದ್ಧ ಸಾರಿದ ದಿನ. ಅವತ್ತೇ ಸಂಜೆ ಅಥೇನಿಯಾ ಎಂಬ ಪ್ರಯಾಣಿಕರ ಹಡಗಿಗೆ ಜರ್ಮನ್ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಬದುಕುಳಿದವರನ್ನು ಎತ್ತಿಕೊಂಡ ಹಡಗುಗಳಲ್ಲಿ ಎಲೆಕ್ಟ್ರಾ ಒಂದು. 1941ರ ಮೇ 24ರಂದು ಜರ್ಮನಿಯ ಬಿಸ್ಮಾರ್ಕ್ ಯುದ್ಧನೌಕೆ ಜೊತೆಗಿನ ಕಾಳಗದಲ್ಲಿ ಬ್ರಿಟನ್ನಿನ ಹುಡ್ ಯುದ್ಧನೌಕೆ ಸ್ಫೋಟಗೊಂಡು ಮುಳುಗಿತು. ಅದರಲ್ಲಿ ಇದ್ದವರು 1,418 ಜನ. ನೂರಾರು ಮಂದಿಯನ್ನು ಎತ್ತಿಕೊಳ್ಳಲು ಸಿದ್ಧವಾಗಿ ಎಲೆಕ್ಟ್ರಾ ಅಲ್ಲಿಗೆ ಧಾವಿಸಿತು. ಸಿಕ್ಕಿದ್ದು ಮೂರೇ ಮೂರು ಜನ. ಆ ನೀರಿನ ಮೇಲೆ ಅವರು ಎಷ್ಟು ಹುಡುಕಿರಬೇಕು!

ಅದೇ ವರ್ಷ ಡಿಸೆಂಬರ್ 10ರಂದು ಮಲಯಾ ತೀರದಾಚೆ ಜಪಾನಿ ವಿಮಾನಗಳು ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಯುದ್ಧನೌಕೆಗಳನ್ನು ಮುಳುಗಿಸಿದವು. ರಿಪಲ್ಸ್‌ನ ಐನೂರಕ್ಕೂ ಹೆಚ್ಚು ಜನರನ್ನು ಇದೇ ಎಲೆಕ್ಟ್ರಾ ಸಿಂಗಾಪುರಕ್ಕೆ ಕರೆತಂದಿತು.

ಎರಡೂವರೆ ತಿಂಗಳಲ್ಲಿ ಅದರ ಸರದಿ ಬಂತು. 1942ರ ಫೆಬ್ರುವರಿ 27ರಂದು ಜಾವಾದ ಮೇಲೆ ದಾಳಿಗೆ ಬರುತ್ತಿದ್ದ ಜಪಾನಿ ಪಡೆಯನ್ನು ಡಚ್ ಅಡ್ಮಿರಲ್ ಕಾರೆಲ್ ಡೋರ್ಮನ್ ನೇತೃತ್ವದ ಹಡಗುಗಳು ಎದುರಿಸಿದವು. ಡಚ್ಚರು, ಬ್ರಿಟಿಷರು, ಅಮೆರಿಕನ್ನರು, ಆಸ್ಟ್ರೇಲಿಯನ್ನರು ಸೇರಿದ್ದ ಪಡೆ ಅದು. ಬ್ರಿಟನ್ನಿನ ಎಕ್ಸೆಟರ್ ಎಂಬ ಕ್ರೂಸರ್‌ನ (ಡೆಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆ) ಬಾಯ್ಲರ್ ಕೋಣೆಗೆ ಶೆಲ್ ಬಿದ್ದು ಅದರ ವೇಗ ಕುಸಿಯಿತು. ಅದನ್ನು ಕಾಪಾಡಲು ಬ್ರಿಟಿಷ್ ಡೆಸ್ಟ್ರಾಯರ್‌ಗಳಿಗೆ ಎದುರು ದಾಳಿಯ ಆದೇಶ ಬಂತು. ಎಲೆಕ್ಟ್ರಾ ಹೊಗೆಯ ಪರದೆ ಸೀಳಿಕೊಂಡು ನುಗ್ಗಿತು. ಶೆಲ್ ಬಿದ್ದು ನಿಂತಲ್ಲೇ ನಿಂತಿತು. ಆದರೂ ಅದರ ತೋಪುಗಳು ಹೊಡೆಯುತ್ತಲೇ ಇದ್ದವು. ಕಮಾಂಡರ್ ಸೆಸಿಲ್ ಮೇ ಹಡಗಿನ ಜೊತೆಗೇ ಹೋದರು. ರಾತ್ರಿ ಅಮೆರಿಕದ ಎಸ್-38 ಸಬ್‌ಮರೀನ್‌ಗೆ ಬದುಕಿ ಸಿಕ್ಕಿದವರು 54 ಜನ.

ಇನ್ನೊಬ್ಬರ ಜೀವ ಉಳಿಸುತ್ತ ಓಡಾಡಿದ ಹಡಗು. ಈಗ ಅದರೊಳಗಿನವರನ್ನು ಕಾಯುವವರು ಯಾರೂ ಇಲ್ಲ. ನನ್ನ ತಕರಾರು ಇಷ್ಟೇ.

2003ರಲ್ಲಿ ಮುಳುಗುಗಾರರು ಎಲೆಕ್ಟ್ರಾದ ಅವಶೇಷ ಪತ್ತೆ ಹಚ್ಚಿದ್ದರು. 2016ರಲ್ಲಿ, ಕಾಳಗದ 75ನೇ ವರ್ಷಾಚರಣೆಗೆ ಮುಂಚೆ, ಸಮುದ್ರದ ತಳದ ಸರ್ವೆ ನಡೆಯಿತು. ಅದೇ ಕಾಳಗದಲ್ಲಿ ಮುಳುಗಿದ್ದ ಡಚ್ಚರ ಡಿ ರೂಯ್ಟರ್ ಮತ್ತು ಜಾವಾ ಎಂಬ ಯುದ್ಧನೌಕೆಗಳು ಪೂರ್ತಿ ಮಾಯ. ಹಡಗು ಮಲಗಿದ್ದ ಗುಂಡಿ ಮಾತ್ರ ಉಳಿದಿತ್ತು. ಆಮೇಲೆ ಮುಳುಗಿದ್ದ ಎಕ್ಸೆಟರ್ ಮತ್ತು ಎನ್‌ಕೌಂಟರ್ ಎಂಬ ಬ್ರಿಟಿಷ್ ಹಡಗುಗಳೂ ಬಹುತೇಕ ಮಾಯ. ಎಲೆಕ್ಟ್ರಾದ ಒಂದು ದೊಡ್ಡ ತುಂಡು ಮಾತ್ರ ಉಳಿದಿತ್ತು.

ಇದು ಬಡ ಮೀನುಗಾರರ ಹೊಟ್ಟೆಪಾಡು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಾವಿರಾರು ಟನ್ ಉಕ್ಕಿನ ಹಡಗನ್ನು ತಳದಿಂದ ಎತ್ತಲು ದೊಡ್ಡ ಕ್ರೇನ್ ಇರುವ ಬಾರ್ಜ್ (ಚಪ್ಪಟೆ ತಳದ ದೊಡ್ಡ ಸರಕು ನೌಕೆ) ಬೇಕು, ವಾರಗಟ್ಟಲೆ ಒಂದೇ ಕಡೆ ಲಂಗರು ಹಾಕಬೇಕು, ಕೊಳ್ಳುವವನು ಮೊದಲೇ ಸಿದ್ಧವಿರಬೇಕು. ಕಂಚಿನ ಪ್ರೊಪೆಲ್ಲರ್, ತಾಮ್ರ, ಹಿತ್ತಾಳೆಗೆ ಒಳ್ಳೆಯ ಬೆಲೆ ಬರುತ್ತದೆ. ಇದಕ್ಕೆ ಬಂಡವಾಳ ಹಾಕಿದವರು ಯಾರೋ ಇದ್ದೇ ಇರುತ್ತಾರೆ, ಅಲ್ವಾ?

ಜಾವಾದ ಜನರ ಮಾತನ್ನೂ ಕೇಳಬೇಕು. ಡಚ್ಚರ ಕೈಕೆಳಗೆ ನರಳಿದ ನಾಡು ಅದು. ವಸಾಹತುಗಾರರ ಹಡಗನ್ನು ನಾವು ಯಾಕೆ ಕಾಯಬೇಕು ಎಂದು ಅವರು ಕೇಳಿದರೆ ತಪ್ಪಿಲ್ಲ. ಕಾಯಲು ನಮಗೆ ಯಾರೂ ಹೇಳಿರಲಿಲ್ಲ ಎಂದು ಇಂಡೋನೇಷ್ಯಾದ ನೌಕಾಪಡೆ 2016ರಲ್ಲೇ ಹೇಳಿತು. ಆ ಮಾತಿನಲ್ಲಿ ಹುರುಳಿದೆ. ಹಡಗಿನ ಮಾಲೀಕ ದೇಶಗಳು ವರ್ಷಕ್ಕೊಮ್ಮೆ ಹೂವಿನ ಹಾರ ಹಾಕಿ ಸುಮ್ನಾದವು. ಆದರೆ ಒಳಗಿದ್ದ ಹುಡುಗರು ವಸಾಹತು ಕಟ್ಟಿದವರಲ್ಲ. ಅವರನ್ನು ಯುದ್ಧಕ್ಕೆ ಕಳಿಸಲಾಗಿತ್ತು.

ಕಾನೂನಿನ ವಿಷಯವಂತೂ ಬೇಸರ ತರಿಸುತ್ತದೆ. ಮುಳುಗಿದ ಯುದ್ಧನೌಕೆಗಳನ್ನು ಕಾಪಾಡುವ 1986ರ ಬ್ರಿಟಿಷ್ ಕಾಯ್ದೆ ದೂರದ ನೀರಿನಲ್ಲಿ ಬ್ರಿಟಿಷರನ್ನು ತಡೆಯಬಲ್ಲದು, ಬೇರೆ ದೇಶದ ಬಾರ್ಜನ್ನು ತಡೆಯಲಾರದು. ನೀರಿನಡಿಯ ಪರಂಪರೆಯ ಬಗೆಗಿನ 2001ರ ಯುನೆಸ್ಕೊ ಒಪ್ಪಂದ ಕನಿಷ್ಠ 100 ವರ್ಷ ನೀರಿನಲ್ಲಿದ್ದುದಕ್ಕೆ ಮಾತ್ರ ಅನ್ವಯಿಸುತ್ತದೆ. ಎಲೆಕ್ಟ್ರಾಗೆ 100 ಆಗುವುದು 2042ರಲ್ಲಿ. ಅಷ್ಟರಲ್ಲಿ ಏನು ಉಳಿದಿರುತ್ತದೆ?

ಶತ್ರುವಿನ ಹಡಗಾದರೂ ಗೌರವ ಕೊಡಬಹುದು. 1971ರ ಯುದ್ಧದಲ್ಲಿ ವಿಶಾಖಪಟ್ಟಣದ ಹತ್ತಿರ ಮುಳುಗಿದ ಪಾಕಿಸ್ತಾನದ ಘಾಜಿ ಸಬ್‌ಮರೀನನ್ನು ನಮ್ಮ ನೌಕಾಪಡೆಯ ಉಪಕರಣ ಇತ್ತೀಚೆಗೆ ಗುರುತಿಸಿತು. ಸತ್ತವರ ಗೌರವಕ್ಕಾಗಿ ಅದನ್ನು ಮುಟ್ಟಲಿಲ್ಲ. ಆ ಸುದ್ದಿ ಓದಿ ನನಗೆ ಹೆಮ್ಮೆಯಾಯಿತು.

ಮಾಡಬಹುದಾದದ್ದು ಇದೆ. ಕ್ರೇನ್ ಬಾರ್ಜ್ ಎಂದರೆ ಕಣ್ಣಿಗೆ ಬೀಳದ ಚಿಕ್ಕ ದೋಣಿಯಲ್ಲ. 2023ರಲ್ಲಿ ಮಲೇಷ್ಯಾ ಚುವಾನ್ ಹಾಂಗ್ 68 ಎಂಬ ಬಾರ್ಜನ್ನು ತಡೆದು ನೋಡಿದಾಗ ಹಳೆಯ ಶೆಲ್‌ಗಳು ಸಿಕ್ಕವು. ಅವು ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್‌ನವು ಎಂಬ ಅನುಮಾನ ಬಂತು. ಎಲೆಕ್ಟ್ರಾ ಯಾರನ್ನು ನೀರಿನಿಂದ ಎತ್ತಿತ್ತೋ, ಅವರದೇ ಹಡಗು. ಬ್ರಿಟನ್ ಮತ್ತು ಇಂಡೋನೇಷ್ಯಾ ಸೇರಿ ಜಾವಾ ಸಮುದ್ರದಲ್ಲೂ ಹೀಗೇ ಬಾರ್ಜ್‌ಗಳನ್ನು ತಡೆದು ನೋಡಲಿ. ಗುಜರಿ ಕೊಳ್ಳುವವರಿಂದ ಲೋಹ ಎಲ್ಲಿಂದ ಬಂತೆಂಬ ಲೆಕ್ಕ ಕೇಳಲಿ. ಗಸ್ತಿನ ಖರ್ಚನ್ನು ಬ್ರಿಟನ್ ಕೊಡಲಿ, ಅದರದೇ ಮಕ್ಕಳು ಅಲ್ಲಿರುವುದು.