ಮೊದಲನೇ ಏಟು ಎಲ್ಲಿ ಹೋಯಿತು?

ಹತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಸಾಲ್ಸಾ ಕ್ಲಾಸಿಗೆ ಸೇರಿದ್ದೆ. ಆಫೀಸಿನ ಗೆಳತಿಯ ಬಲವಂತ. ವಾರಕ್ಕೆರಡು ದಿನ, ಸಂಜೆ ಏಳಕ್ಕೆ. ಮೇಷ್ಟ್ರು 'ಒನ್ ಟೂ ಥ್ರೀ, ಫೈವ್ ಸಿಕ್ಸ್ ಸೆವೆನ್' ಅಂತ ಚಪ್ಪಾಳೆ ಹೊಡೆಯುತ್ತಿದ್ದರು, ನಾವು ಹೆಜ್ಜೆ ಹಾಕುತ್ತಿದ್ದೆವು. ಅವರು ಎಣಿಸುವಷ್ಟು ಹೊತ್ತು ಎಲ್ಲ ಸರಿ. ಎಣಿಸೋದು ನಿಲ್ಲಿಸಿ ಹಾಡು ಹಾಕಿದರೋ, ನನಗೆ ಆ 'ಒನ್' ಸಿಗುತ್ತಲೇ ಇರಲಿಲ್ಲ. ಜೊತೆಗಿದ್ದ ಹುಡುಗನ ಕಾಲು ತುಳಿದಿದ್ದೇ ತುಳಿದಿದ್ದು. ಕೇಳಿದರೆ ಮೇಷ್ಟ್ರು 'ಫೀಲ್ ಮಾಡಿ ಮೇಡಂ' ಅನ್ನುತ್ತಿದ್ದರು. ಮೂರು ತಿಂಗಳ ದುಡ್ಡು ಕಟ್ಟಿದ್ದೆ. ಒಂದೂವರೆ ತಿಂಗಳಿಗೆ ಬಿಟ್ಟೆ.

ಪೂರ್ತಿ ತಪ್ಪು ನನ್ನ ಕಿವಿಯದ್ದಲ್ಲ ಅಂತ ಗೊತ್ತಾಗಿದ್ದು ಎಷ್ಟೋ ದಿನ ಆದಮೇಲೆ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಸಂಗೀತದ ಪಾಠಕ್ಕೆ ಹೋದವಳು ನಾನು. ತೊಡೆ ತಟ್ಟಿ ತಟ್ಟಿ, ಮೊದಲನೇ ಏಟು ಅಂದರೆ ದಪ್ಪಗೆ ಬೀಳಬೇಕು ಅನ್ನೋದು ಮೈಗೆ ಹತ್ತಿಬಿಟ್ಟಿದೆ. ಸಾಲ್ಸಾದ ಬೇರು ಕ್ಯೂಬಾದಲ್ಲಿದೆ. ಅಲ್ಲಿನ ಕುಣಿತದ ಸಂಗೀತದಲ್ಲಿ ಬೇಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ, ನುಡಿಸುವವನು ಬಹಳ ಸಲ ಆ ಮೊದಲನೆಯದನ್ನೇ ಬಿಟ್ಟುಬಿಡುತ್ತಾನೆ. ನಾಲ್ಕು ಎಣಿಕೆಯಲ್ಲಿ ಎರಡಕ್ಕೂ ಮೂರಕ್ಕೂ ನಡುವೆ ಒಂದು, ನಾಲ್ಕಕ್ಕೆ ಒಂದು, ಅಷ್ಟೇ. ಆ ನಾಲ್ಕನೆಯದರಲ್ಲಿ ಮುಂದಿನ ಸುತ್ತಿನ ಸ್ವರವನ್ನು ಮುಂಚೆಯೇ ತಂದು ಇಟ್ಟಿರುತ್ತಾನೆ. 'ಒಂದು' ಬರುವ ಹೊತ್ತಿಗೆ ಅವನ ಬೆರಳು ಅಲ್ಲಾಡೋದಿಲ್ಲ. ಅಲ್ಲಿ ಬೀಳಬೇಕಾದ್ದು ಕುಣಿಯುವವರ ಕಾಲು. ಇದಕ್ಕೆ ತುಂಬಾವೊ ಅಂತಾರೆ. ನಾನು ಬೇಸ್‌ನಲ್ಲಿ ಹುಡುಕುತ್ತಿದ್ದ ಏಟು ನನ್ನ ಪಾದದಲ್ಲಿ ಇರಬೇಕಿತ್ತು. ಇದನ್ನು ಹೇಳೋಕೆ ಎರಡು ನಿಮಿಷ ಸಾಕಿತ್ತು, ಅಲ್ವಾ?

ಇನ್ನು ಕ್ಲಾವೆ. ಎರಡು ಗಟ್ಟಿ ಮರದ ತುಂಡು ಕೋಲು. ಒಂದು ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿಕೊಂಡು ಅದರ ಮೇಲೆ ಒಂದು ಕೋಲನ್ನು ಸಡಿಲವಾಗಿ ಇಟ್ಟುಕೊಳ್ಳುತ್ತಾರೆ. ಬಿಗಿಯಾಗಿ ಹಿಡಿದರೆ ನಾದ ಸತ್ತುಹೋಗುತ್ತದೆ. ಇನ್ನೊಂದರಿಂದ ಹೊಡೆಯೋದು. ಹದಿನಾರು ಎಣಿಸಿ, 1, 4, 7, 11, 13ಕ್ಕೆ ಮೇಜು ತಟ್ಟಿ ನೋಡಿ. ಮೊದಲರ್ಧದಲ್ಲಿ ಮೂರು, ಎರಡನೇ ಅರ್ಧದಲ್ಲಿ ಎರಡು. ಈ ವರಸೆಗೂ ಕ್ಲಾವೆ ಅಂತಲೇ ಹೆಸರು. ಮೃದಂಗ ಗೊತ್ತಿರುವವರು 3, 3, 4, 2, 4 ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿರುತ್ತೀರಿ. ಆದರೆ ಇದು ನಮ್ಮ ತಾಳದ ಹಾಗಲ್ಲ. ಹಾಡಿನ ಸಾಲು, ಪಿಯಾನೊ, ಟ್ರಂಪೆಟ್ ಎಲ್ಲವೂ ಈ ಐದು ಏಟಿನ ಮೇಲೆಯೇ ಕೂರಬೇಕು. ಕೆಲವು ಹಾಡು ಎರಡರ ಕಡೆಯಿಂದ ಶುರುವಾಗುತ್ತದೆ. ಅಲ್ಲಿ ಯಾರಾದರೂ ಮೂರರ ಕಡೆಯಿಂದ ನುಡಿಸಿದರೆ 'ಕ್ರುಸಾದೊ' ಅನ್ನುತ್ತಾರೆ, ಅಡ್ಡಾದಿಡ್ಡಿ ಆಯಿತು ಅಂತ. ಎಷ್ಟೋ ಹಾಡಿನಲ್ಲಿ ಆ ಕೋಲುಗಳನ್ನು ಯಾರೂ ಹೊಡೆಯುವುದೂ ಇಲ್ಲ. ಎಲ್ಲರ ತಲೆಯೊಳಗೂ ಬಾರಿಸುತ್ತಿರುತ್ತದೆ.

ಈ ಲೆಕ್ಕವನ್ನು ನಾಲ್ಕೈದು ಜನ ಹೊರೋದೇ ಕಷ್ಟ. ಹದಿನೈದು ಇಪ್ಪತ್ತು ಜನ ಹೊತ್ತುಕೊಂಡರೆ ಅದು ಬಿಗ್ ಬ್ಯಾಂಡ್.

ಹವಾನಾದ ಮಾರಿಯೊ ಬೌಸಾ 1930ರಲ್ಲಿ ನ್ಯೂಯಾರ್ಕ್ ಸೇರಿದರು. ಅಲ್ಲಿ ಚಿಕ್ ವೆಬ್, ಕ್ಯಾಬ್ ಕ್ಯಾಲವೇ ಅವರ ಜಾಝ್ ಬ್ಯಾಂಡ್‌ಗಳಲ್ಲಿ ಟ್ರಂಪೆಟ್ ಊದಿದರು. ಅವರ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬರು ಮಚಿತೊ, ಗಾಯಕ. 1940ರಲ್ಲಿ ಭಾವ ಭಾವಮೈದ ಸೇರಿ ಕಟ್ಟಿದ ಬ್ಯಾಂಡಿನ ಹೆಸರು 'ಮಚಿತೊ ಅಂಡ್ ಹಿಸ್ ಆಫ್ರೊ-ಕ್ಯೂಬನ್ಸ್'. ಕಪ್ಪು ಕಲಾವಿದರು ಎಷ್ಟೋ ಕಡೆ ಹಿಂಬಾಗಿಲಿನಿಂದ ಬರಬೇಕಿದ್ದ ಕಾಲ ಅದು. ಆಗ 'ಆಫ್ರೊ' ಅನ್ನೋ ಪದವನ್ನು ಬೋರ್ಡಿನ ಮೇಲೆ ಬರೆಸಿದ್ದರು ಅನ್ನೋದೇ ನನಗೆ ಅವರ ಸಂಗೀತದಷ್ಟೇ ಇಷ್ಟ. 1943ರಲ್ಲಿ ಮಚಿತೊಗೆ ಸೈನ್ಯದಿಂದ ಕರೆ ಬಂತು. ಹವಾನಾದಿಂದ ಅವರ ಸಾಕುತಂಗಿ ಗ್ರಾಸಿಯೆಲಾ ಬಂದು ಮೈಕಿನ ಮುಂದೆ ನಿಂತರು. ಅದಕ್ಕೂ ಮುಂಚೆ ಆಕೆ ಹಾಡುತ್ತಿದ್ದದ್ದು ಅನಕಾವೋನಾ ಅನ್ನುವ, ಹೆಂಗಸರೇ ಕಟ್ಟಿದ ಬ್ಯಾಂಡ್‌ನಲ್ಲಿ. ಬ್ರಾಡ್‌ವೇ ರಸ್ತೆಯ ಪಲೇಡಿಯಂ ಹಾಲ್‌ನಲ್ಲಿ ಇವರ ಹಾಡಿಗೆ ಕರಿಯರು, ಪೋರ್ಟೊರಿಕೊದವರು, ಯಹೂದಿಗಳು, ಇಟಲಿಯವರು ಒಂದೇ ನೆಲದ ಮೇಲೆ ಮಾಂಬೊ ಕುಣಿದರು.

ಅತ್ತ ಹವಾನಾದಲ್ಲಿ 1953ರಲ್ಲಿ ಬೆನಿ ಮೊರೆ ತಮ್ಮ 'ಬಾಂದಾ ಹಿಗಾಂತೆ' ಕಟ್ಟಿದರು. ದೈತ್ಯ ಬ್ಯಾಂಡ್ ಅಂತಲೇ ಅರ್ಥ. ಅವರಿಗೆ ಸ್ವರಲಿಪಿ ಓದೋಕೆ ಬರುತ್ತಿರಲಿಲ್ಲ. ಯಾವ ವಾದ್ಯ ಏನು ಊದಬೇಕು ಅಂತ ಬಾಯಲ್ಲೇ ಹಾಡಿ ತೋರಿಸುತ್ತಿದ್ದರು, ಬರೆದುಕೊಳ್ಳುವವರು ಬರೆದುಕೊಳ್ಳುತ್ತಿದ್ದರು. 1963ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 43.

ಈಗ ನನಗೆ ಸಿಟ್ಟು ಬರುವ ಜಾಗಕ್ಕೆ ಬರುತ್ತೇನೆ.

1996ರ ಮಾರ್ಚ್. ಹವಾನಾದ ಹಳೆಯ ಎಗ್ರೆಮ್ ಸ್ಟುಡಿಯೊ. ಅಲ್ಲಿ ರೆಕಾರ್ಡ್ ಆದ 'ಬುಏನಾ ವಿಸ್ತಾ ಸೋಶಿಯಲ್ ಕ್ಲಬ್' ಆಲ್ಬಂ ನಿಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿರುತ್ತದೆ. ಅಮೆರಿಕದ ಗಿಟಾರ್ ವಾದಕರೊಬ್ಬರು ಹೋಗಿ, ಜಗತ್ತು ಮರೆತ ಮುದುಕರನ್ನು ಹುಡುಕಿ ತೆಗೆದರು ಅನ್ನೋ ಕಥೆಯೂ ಗೊತ್ತಿರುತ್ತದೆ. ಆದರೆ ಅದೇ ಸ್ಟುಡಿಯೊದಲ್ಲಿ ಅದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಆಲ್ಬಂ ರೆಕಾರ್ಡ್ ಆಗಿತ್ತು. ಆ ಹಳಬರಲ್ಲಿ ಎಷ್ಟೋ ಜನರನ್ನು ಮನೆಮನೆಗೆ ಹೋಗಿ ಕರೆತಂದವರು ಒಬ್ಬ ಕ್ಯೂಬನ್, ಹ್ವಾನ್ ದೆ ಮಾರ್ಕೋಸ್ ಗೊನ್ಸಾಲೆಸ್. ಓದಿದ್ದು ಎಂಜಿನಿಯರಿಂಗ್, ನುಡಿಸೋದು ತ್ರೆಸ್ ಅನ್ನುವ ಜೋಡಿತಂತಿಗಳ ಗಿಟಾರ್. ಅಪ್ಪ, ಕ್ಯೂಬಾದ ಹೆಸರಾಂತ ತ್ರೆಸ್ ವಾದಕ ಅರ್ಸೇನಿಯೊ ರೊದ್ರೀಗೆಸ್ ಅವರ ಬ್ಯಾಂಡಿನಲ್ಲಿ ಹಾಡಿದವರು. ಐವತ್ತರ ದಶಕದ ಹವಾನಾದ ದೊಡ್ಡ ಬ್ಯಾಂಡ್‌ಗಳ ಸದ್ದನ್ನು ಹಳೆಯ ಗಾಯಕರು, ಹರೆಯದ ಊದುಗಾರರು ಒಟ್ಟಿಗೆ ಕೂತು ಮತ್ತೆ ನುಡಿಸಬೇಕು ಅನ್ನೋದು ಅವರ ಹಟ. ಅದೇ ಆಫ್ರೊ-ಕ್ಯೂಬನ್ ಆಲ್ ಸ್ಟಾರ್ಸ್ ಬ್ಯಾಂಡ್. ಮುಂಚೆ ರೆಕಾರ್ಡ್ ಆಗಿದ್ದು ಇವರ ಆಲ್ಬಂ. ಬೂಟ್ ಪಾಲಿಶ್ ಮಾಡಿಕೊಂಡಿದ್ದ ಗಾಯಕ ಇಬ್ರಾಹಿಂ ಫೆರೆರ್ ಅದರಲ್ಲೂ ಹಾಡಿದ್ದಾರೆ. ಪಿಯಾನೊ ರುಬೆನ್ ಗೊನ್ಸಾಲೆಸ್. ಆಗ ವಯಸ್ಸು 76, ಮನೆಯಲ್ಲಿ ಪಿಯಾನೊ ಇಲ್ಲ. ಬೆಳಿಗ್ಗೆ ಸ್ಟುಡಿಯೊ ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಿದ್ದರಂತೆ, ತೆಗೆದ ಕೂಡಲೇ ನೇರ ಪಿಯಾನೊ ಹತ್ತಿರ.

ಬುಏನಾ ವಿಸ್ತಾ ಆಲ್ಬಂ ಆದ ಜಾಗದಲ್ಲಿ ಮೊದಲಿದ್ದ ಯೋಜನೆಯೇ ಬೇರೆ. ಮಾಲಿ ದೇಶದ ಕಲಾವಿದರು ಬಂದು ಕ್ಯೂಬನ್ನರ ಜೊತೆ ನುಡಿಸಬೇಕಿತ್ತು. ಅವರು ಬರಲಿಲ್ಲ. ಸ್ಟುಡಿಯೊ ಬುಕ್ ಆಗಿದೆ, ಆಲ್ ಸ್ಟಾರ್ಸ್‌ಗೆ ಬಂದ ಹಳಬರು ಅಲ್ಲೇ ಇದ್ದಾರೆ. ಹಾಗೆ ಹುಟ್ಟಿದ್ದು ಜಗತ್ತೆಲ್ಲ ಮಾರಾಟವಾಯಿತು.

ಅದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಫೆರೆರ್ ಬೊಲೆರೊ, ಅಂದರೆ ನಿಧಾನಗತಿಯ ಪ್ರೇಮಗೀತೆ, ಹಾಡಿದರೆ ನನಗೂ ಗಂಟಲು ಕಟ್ಟುತ್ತದೆ. ಆ ವಯಸ್ಸಿನಲ್ಲಿ ಅವರಿಗೆಲ್ಲ ಹೆಸರು, ನಾಲ್ಕು ಕಾಸು ಬಂತಲ್ಲ, ಒಳ್ಳೆಯದೇ ಆಯಿತು. ನನ್ನ ತಕರಾರು 'ಕಳೆದುಹೋಗಿದ್ದ ಸಂಗೀತ' ಅನ್ನೋ ಮಾತಿಗೆ. ಯಾರಿಗೆ ಕಳೆದುಹೋಗಿತ್ತು? ಹವಾನಾದವರು ಕುಣಿಯೋದು ಒಂದು ದಿನವೂ ನಿಲ್ಲಿಸಿರಲಿಲ್ಲ. ಅಲ್ಲಿನ ಲಾಸ್ ವಾನ್ ವಾನ್ ಬ್ಯಾಂಡ್ 1969ರಿಂದ ನುಡಿಸುತ್ತಲೇ ಇತ್ತು. ಸೋವಿಯತ್ ಒಕ್ಕೂಟ ಮುರಿದು, ಕರೆಂಟಿಲ್ಲ, ಪೆಟ್ರೋಲಿಲ್ಲ, ಊಟಕ್ಕೂ ತತ್ವಾರ ಅನ್ನುವ ತೊಂಬತ್ತರ ದಶಕದಲ್ಲೇ ಅಲ್ಲಿನ ಹುಡುಗರು ತಿಂಬಾ ಅನ್ನೋ ಹೊಸ ಬಗೆಗೆ ಬೆವರು ಸುರಿಸಿ ಕುಣಿಯುತ್ತಿದ್ದರು. ಅದು ಹೊರಗಿನವರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಹಳೇ ಕಾರು, ಬಣ್ಣ ಉದುರಿದ ಗೋಡೆ, ಸಿಗಾರ್ ಹಿಡಿದ ಅಜ್ಜ. ಫೋಟೊಗೆ ಚೆನ್ನಾಗಿರೋದು ಅದು.

ಇನ್ನೊಂದು ಕಾರಣವೂ ಇದೆ ಅಂತ ನನ್ನ ಲೆಕ್ಕ. ಮೆಲ್ಲಗಿನ ಗಿಟಾರ್ ಹಾಡನ್ನು ಕಾಫಿ ಕುಡಿಯುತ್ತಾ ಕೇಳಬಹುದು. ಆಲ್ ಸ್ಟಾರ್ಸ್ ಹಾಕಿದರೆ ಕಾಫಿ ಚೆಲ್ಲುತ್ತದೆ.

ಹೆಡ್‌ಫೋನ್ ಹಾಕಿ ಕೇಳಿ ನೋಡಿ. ಮೊದಲರ್ಧ ಹಾಡು ಹಾಡಿನ ಪಾಡಿಗೆ ಹೋಗುತ್ತದೆ. ಆಮೇಲೆ ಒಂದು ತಿರುವು. ಅಲ್ಲಿಯವರೆಗೆ ಬೊಂಗೊ ಬಾರಿಸುತ್ತಿದ್ದವನು ಅದನ್ನು ಕೆಳಗಿಟ್ಟು ದನದ ಕೊರಳಗಂಟೆಯಂಥ ಒಂದು ದಪ್ಪ ಗಂಟೆ ಕೈಗೆತ್ತಿಕೊಳ್ಳುತ್ತಾನೆ. ಟಣ್ ಅಂತ ಅದು ಬಿದ್ದ ಕ್ಷಣ ಇಡೀ ಬ್ಯಾಂಡ್ ಒಂದು ಗೇರ್ ಮೇಲೆ ಹೋಗುತ್ತದೆ. ಪಿಯಾನೊ ಒಂದೇ ತುಣುಕನ್ನು ತಿರುಗಿಸಿ ತಿರುಗಿಸಿ ನುಡಿಸುತ್ತದೆ. ಹಿಮ್ಮೇಳದವರು ಒಂದೇ ಸಾಲು ಹಿಡಿದುಕೊಳ್ಳುತ್ತಾರೆ, ಮುಂದಿರುವ ಗಾಯಕ ಪ್ರತಿ ಸಲ ಹೊಸ ಉತ್ತರ ಕೊಡುತ್ತಾನೆ. ಟ್ರೊಂಬೋನ್‌ಗಳು ಕೆಳಗಿನಿಂದ ಒಂದು ಮಾತು ಎತ್ತುತ್ತವೆ, ಟ್ರಂಪೆಟ್‌ಗಳು ಮೇಲಿನಿಂದ ಅದಕ್ಕೆ ಅಡ್ಡ ಬರುತ್ತವೆ. ಇಷ್ಟು ಜನ ಏಕೆ ಬೇಕು ಅಂತ ಕೇಳುವವರಿಗೆ ಇದೇ ಉತ್ತರ. ಈ ಜಗಳ ಆಡೋಕೆ ಅಷ್ಟು ಜನ ಬೇಕು. ಕಂಪ್ಯೂಟರಿನಲ್ಲಿ ಕೂರಿಸಿದ ಟ್ರಂಪೆಟ್ ಯಾರ ಜೊತೆ ಜಗಳ ಆಡುತ್ತದೆ?

ಅಷ್ಟು ಜನಕ್ಕೆ ಸಂಬಳ, ವಿಮಾನ, ವೀಸಾ ಅಂದರೆ ಲೆಕ್ಕ ನಿಮಗೇ ಗೊತ್ತು. ಬ್ಯಾಂಡಿನಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಮೊದಲ ಆಲ್ಬಂನ ಹಿರಿಯರಲ್ಲಿ ರುಬೆನ್ 2003ರಲ್ಲಿ ಹೋದರು, ಫೆರೆರ್ 2005ರಲ್ಲಿ. ಈಗ ಹ್ವಾನ್ ದೆ ಮಾರ್ಕೋಸ್ ಅವರ ಇಬ್ಬರು ಹೆಣ್ಣುಮಕ್ಕಳೂ ಬ್ಯಾಂಡಿನಲ್ಲಿ ಇದ್ದಾರೆ, ಒಬ್ಬರು ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ), ಇನ್ನೊಬ್ಬರು ಕ್ಲಾರಿನೆಟ್. ಐವತ್ತರ ದಶಕದ ನಕಲು ಅಂತ ಮೂಗು ಮುರಿಯುವವರು ಈ ಎರಡು ವಾದ್ಯ ಸೇರಿದಮೇಲೆ ಬ್ಯಾಂಡಿನ ಬಣ್ಣ ಎಷ್ಟು ಬದಲಾಗಿದೆ ಅಂತ ಒಮ್ಮೆ ಕೇಳಲಿ.

ಮೊನ್ನೆ ಭಾನುವಾರ ಅಡುಗೆಮನೆಯಲ್ಲಿ ಕುಕ್ಕರ್ ಕೂಗೋಕೆ ಕಾಯುತ್ತಾ ಸ್ಟೀಲ್ ತಟ್ಟೆ ಮೇಲೆ ಸುಮ್ನೆ ಕ್ಲಾವೆ ತಟ್ಟುತ್ತಿದ್ದೆ. ಹಾಲ್‌ನಿಂದ ಅಮ್ಮ, 'ಯಾರೇ ಅದು ಬಾಗಿಲು ತಟ್ಟುತ್ತಿರೋದು, ನೋಡೇ' ಅಂದರು. ಯಾರೂ ಇಲ್ಲಮ್ಮ, ನಾನೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಸರಿಯಾಗಿ ತಟ್ಟು ಮತ್ತೆ, ಕೊನೇದು ಅವಸರ ಮಾಡ್ತಿದ್ದೀಯ' ಅಂದರು.