‘ಚಾಲೆಂಜ್ ವೋಟ್’ ಸಂದೇಶ ಸರಿಯಲ್ಲ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ, 49ಎ ನಿಯಮದ ಅಡಿಯಲ್ಲಿ ‘ಚಾಲೆಂಜ್ ವೋಟ್’ ಕೇಳಿ ಎಂದು ಅದರಲ್ಲಿದೆ. ಮತಗಟ್ಟೆಯಲ್ಲಿ ಶೇ 14ಕ್ಕಿಂತ ಹೆಚ್ಚು ‘ಟೆಂಡರ್ ವೋಟ್’ ಬಿದ್ದರೆ ಮರುಮತದಾನ ಎನ್ನುತ್ತದೆ ಅದು.

ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಹಾಕಲು ಸಾಧ್ಯವಿಲ್ಲ. ಆಧಾರ್ ಇರಲಿ, ಮತದಾರರ ಗುರುತಿನ ಚೀಟಿಯೇ ಇರಲಿ, ಅದು ಗುರುತಿಗೆ ಮಾತ್ರ. 1961ರ ಚುನಾವಣಾ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಚಾಲೆಂಜ್ ಎಂಬುದು 49ಜೆ ನಿಯಮದಲ್ಲಿದೆ. ಅದು ಮತದಾರರ ಹಕ್ಕಲ್ಲ, ಮತ ಹಾಕಲು ಬಂದವರ ಗುರುತನ್ನು ಅಭ್ಯರ್ಥಿಗಳ ಮತಗಟ್ಟೆ ಏಜೆಂಟರು 2 ರೂಪಾಯಿ ಠೇವಣಿಯಿಟ್ಟು ಪ್ರಶ್ನಿಸುವ ಕ್ರಮ.

ಟೆಂಡರ್ ಮತ ನಿಜವಾಗಿಯೂ ಇದೆ (49ಪಿ). ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿಹೋಗಿದ್ದರೆ, ವಿಚಾರಣೆಯ ನಂತರ ನಿಮಗೆ ಕಾಗದದ ಮತಪತ್ರ ಸಿಗುತ್ತದೆ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿಡುತ್ತಾರೆ. ಶೇ 14ರ ನಿಯಮ ಎಲ್ಲಿಯೂ ಇಲ್ಲ.

ಪಕ್ಷ ಯಾವುದೇ ಆಗಿರಲಿ, ಇದರಿಂದ ನಷ್ಟ ಮತದಾರರಿಗೇ. ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಊರಿಗೆ ಬರುವ ನಮ್ಮ ಮಕ್ಕಳು ಇದನ್ನು ನಂಬಿ, ಪಟ್ಟಿ ನೋಡದೆ ಬಂದರೆ ಮತಗಟ್ಟೆಯ ಬಾಗಿಲಿನಿಂದಲೇ ಹಿಂತಿರುಗಬೇಕಾಗುತ್ತದೆ. ಅದನ್ನು ನೆನೆದರೇ ಸಂಕಟವಾಗುತ್ತದೆ.

ಹೆಸರು ಇದೆಯೇ ಎಂದು ಈಗಲೇ ಮತದಾರರ ಸಹಾಯವಾಣಿ 1950ಕ್ಕೆ ಕರೆಮಾಡಿ ಅಥವಾ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಬಳಿ ಕೇಳಿ. ಇಲ್ಲದಿದ್ದರೆ ಹೆಸರು ಸೇರಿಸುವ ಅರ್ಜಿ, ನಮೂನೆ 6 ತುಂಬಿ ಕೊಡಿ. ಆ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.